ಕರೆಂಟ್ ಕಂಬ ಒಂದೇ, ಕಂಪೆನಿ ಮಾತ್ರ ಎರಡು

ಮನೆಯ ಇಂಟರ್ನೆಟ್ ಸರಿ ಇಲ್ಲ ಅಂತ ಬೆಂಗಳೂರಲ್ಲಿರುವ ಯಾರ ಹತ್ರ ಹೇಳಿದ್ರೂ ಬರುವ ಸಲಹೆ ಒಂದೇ, "ಕಂಪೆನಿ ಚೇಂಜ್ ಮಾಡಿ". ನಾದಿನಿ ಹೇಳ್ತಾಳೆ, ಅವಳ ಗಂಡ ಹೇಳ್ತಾರೆ, ಮೊನ್ನೆ ಮದುವೆಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತಿದ್ದ ಗುರ್ತವೇ ಇಲ್ಲದ ಹುಡುಗ ಒಬ್ಬ ಕೂಡ ಅದನ್ನೇ ಹೇಳಿದ. ಅವ್ರ ಅಪಾರ್ಟ್‌ಮೆಂಟಿನ ಗೇಟ್ ಹತ್ರ ಬ್ರಾಡ್‌ಬ್ಯಾಂಡಿನವ್ರು ಮೇಜು ಕೊಡೆ ಹಾಕಿ ಕೂತಿರ್ತಾರಂತೆ, ಒಬ್ಬನನ್ನು ಬಿಡ್ತೇನೆ ಅಂದ್ರೆ ಸಾಕಂತೆ, ಅವನೇ ಫೋನ್ ಮಾಡಿ ಬಾಡಿಗೆ ಕಮ್ಮಿ ಮಾಡ್ತಾನಂತೆ. ಕೇಳ್ಲಿಕ್ಕೆ ಚಂದ ಉಂಟು. ನಾನಿರುದು ಪೆರ್ಲದಿಂದ ಸಾರಡ್ಕಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದ್ರೆ ಸಿಕ್ಕುವ ತೋಟದ ಮನೆಯಲ್ಲಿ, ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯತು. ಇಲ್ಲಿ ಕಂಪೆನಿ ಚೇಂಜ್ ಮಾಡುದು ಅಂದ್ರೆ ಎಂತ ಅಂತ ಸ್ವಲ್ಪ ವಿವರವಾಗಿ ಬರಿಯುವ ಅಂತ ಕೂತಿದ್ದೇನೆ, ಸದ್ಯ ಲೈನ್ ಉಂಟು, ಹೋಗುವ ಮೊದಲು ಮುಗಿಸ್ಬೇಕು.

ಮೊದಲು ನನ್ನ ಕೆಲಸದ ಬಗ್ಗೆ. ಮಂಗಳೂರಿನ ಒಂದು ಸಿಎ ಆಫೀಸಿಗೆ ಮನೆಯಿಂದಲೇ ಜಿಎಸ್‌ಟಿ ರಿಟರ್ನ್ ಹಾಕುವ ಕೆಲಸ ನಂದು. ಹಾರ್ಡ್‌ವೇರ್ ಅಂಗಡಿ, ಅಡಿಕೆ ವ್ಯಾಪಾರಿಗಳು, ಎರಡು ಮೂರು ಹೋಟೆಲು, ಹೀಗೆ. ತಿಂಗಳಿನ 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ಕ್ಕೆ ಟ್ಯಾಕ್ಸ್ ಕಟ್ಟುವ 3ಬಿ. 20ನೇ ತಾರೀಕು ದಾಟಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಲಿಕ್ಕಿರುವ ಟ್ಯಾಕ್ಸಿಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ಬೇರೆ. ಹಾಗಾಗಿ ಬೇರೆ ದಿನ ನೆಟ್ ಹೋದ್ರೆ ನಾನು ಬಟ್ಟೆ ಒಗ್ದು ಬರ್ತೇನೆ, 18, 19, 20ಕ್ಕೆ ಹೋದ್ರೆ ಮಾತ್ರ ಮನೆಯಲ್ಲಿ ಯಾರೂ ನನ್ನ ಹತ್ರ ಮಾತಾಡ್ಲಿಕ್ಕೆ ಬರುದಿಲ್ಲ. ಮಾವನವ್ರು ಪಾಪ ಟಿವಿ ಸೌಂಡ್ ಕೂಡ ಕಮ್ಮಿ ಮಾಡ್ತಾರೆ, ಸೌಂಡ್ ಕಮ್ಮಿ ಮಾಡಿದ್ರೆ ನೆಟ್ ಬರ್ತದೆ ಅಂತ ಇರ್ಬೇಕು.

ಈಗ ವೈರಿನ ಕಥೆ. ಮೊದಲು ಇಲ್ಲಿ ಇದ್ದದ್ದು ತಾಮ್ರದ ಲ್ಯಾಂಡ್‌ಲೈನ್, 04998 ಕೋಡಿನದ್ದು. ಬಿಎಸ್ಸೆನ್ನೆಲ್‌ನವ್ರು 2005ರಲ್ಲಿ ಡೇಟಾವನ್ ಅಂತ ಬ್ರಾಡ್‌ಬ್ಯಾಂಡ್ ಶುರುಮಾಡಿದಾಗ ಪೇಟೆಯವ್ರಿಗೆಲ್ಲ ಖುಷಿಯೋ ಖುಷಿ, ಆದ್ರೆ ಆ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿಂದ ನಾಲ್ಕೈದು ಕಿಲೋಮೀಟರ್ ದಾಟಿದ್ರೆ ಸ್ಪೀಡು ಸತ್ತೇ ಹೋಗ್ತದೆ, ಅದು ಯಾರ ತಪ್ಪೂ ಅಲ್ಲ, ತಂತಿಯ ಗುಣವೇ ಹಾಗೆ. ನಮ್ಮಂಥ ಗುಡ್ಡೆಯ ಕೆಳಗಿನ ಮನೆಗಳಿಗೆ ಅದು ಬರ್ಲೇ ಇಲ್ಲ. ಆಮೇಲೆ ನಮ್ಮ ಹೊಂಡಕ್ಕೆ ನಿಜವಾಗಿ ವೈರ್ ಇಳಿಸಿದ್ದು ಡಿಷ್ ಟಿವಿಗಿಂತ ಮುಂಚೆ ಕೇಬಲ್ ಟಿವಿ ಎಳೆದ ಅಣ್ಣ. ಕೇರಳದಲ್ಲಿ ಇದೊಂದು ವಿಶೇಷ, ಊರೂರಿನ ಸಣ್ಣ ಕೇಬಲ್ ಆಪರೇಟರುಗಳು ಒಟ್ಟಾಗಿ ಇಂಟರ್ನೆಟ್ಟಿಗೂ ಇಳಿದ್ರು, ದೊಡ್ಡ ಕಂಪೆನಿಗಳು ಬರುವ ಮೊದಲೇ ಫೈಬರ್ ಹಳ್ಳಿಗೆ ಬಂತು. 2020ರಲ್ಲಿ ಗಡಿಗೆಲ್ಲ ಮಣ್ಣು ಸುರಿದು ರಸ್ತೆ ಬಂದ್ ಮಾಡಿದ ಕಾಲದಲ್ಲಿ, ಮಕ್ಕಳ ಕನ್ನಡ ಮೀಡಿಯಂ ಕ್ಲಾಸುಗಳು ಯೂಟ್ಯೂಬಲ್ಲಿ ಬರ್ಲಿಕ್ಕೆ ಶುರುವಾದಾಗ, ನಮ್ಮ ಕಡೆ ಮನೆಮನೆಗೆ ಫೈಬರ್ ಎಳೆದದ್ದು ಇಂಥ ಅಣ್ಣಂದಿರೇ. ಮಳೆಗೆ ಗೊರಬೆ ಹಾಕಿಕೊಂಡು ಏಣಿ ಹೊತ್ತುಕೊಂಡು ತೋಡು ದಾಟಿ ಬಂದದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ಬೈಯುವಾಗ ಇದೂ ನೆನಪಿರ್ತದೆ, ಬೈಗಳು ಅರ್ಧಕ್ಕೇ ನಿಲ್ತದೆ.

ಪೆರ್ಲ ಪೇಟೆಯಿಂದ ಆ ಫೈಬರ್ ಕೆಎಸ್‌ಇಬಿಯ, ಅಂದ್ರೆ ಕೇರಳದ ವಿದ್ಯುತ್ ಮಂಡಳಿಯ, ಕರೆಂಟ್ ಕಂಬದ ಮೇಲೆ ಬರ್ತದೆ. ಕಂಬ ಮುಗಿದಲ್ಲಿಂದ ಮುಂದೆ ಎಂತ ಮಾಡುದು? ಅಡಿಕೆ ಮರ. ನಮ್ಮ ಲೈನ್ ಕೊನೆಗೆ ಇಳಿದು ಬರುದು ನಮ್ಮ ತೋಟದ ಮತ್ತು ಪಕ್ಕದ ಭಟ್ರ ತೋಟದ ಅಡಿಕೆ ಮರಗಳಿಗೆ ಕಟ್ಟಿ ಕಟ್ಟಿ. ತೋಟ ಗೊತ್ತಿರುವವ್ರಿಗೆ ಮುಂದಿನದ್ದು ಹೇಳ್ಬೇಕಂತಿಲ್ಲ. ಸೋಗೆ ಬೀಳ್ತದೆ, ವೈರಿನ ಮೇಲೆಯೇ ಬೀಳ್ತದೆ. ಮಂಗಗಳಿಗೆ ಅದು ನೇತಾಡ್ಲಿಕ್ಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡ್ಲಿಕ್ಕೆ ಬರುವವ್ರು ಈಗ ಮರ ಹತ್ತುದಿಲ್ಲ, ಉದ್ದದ ದೋಟಿಯಲ್ಲಿ ಕೆಳಗಿಂದಲೇ ಬಿಡ್ತಾರೆ, ಆ ದೋಟಿ ಕಾರ್ಬನ್ ಫೈಬರಿನದ್ದು, ಕಣ್ಣು ಮೇಲೆ ಅಡಿಕೆ ಗೊನೆಯ ಮೇಲೆ ಇರ್ತದೆ, ನಡುವಿನಲ್ಲಿ ಕಪ್ಪಗೆ ಸಣ್ಣಗೆ ಇರುವ ಈ ವೈರು ಯಾರಿಗೂ ಕಾಣುದಿಲ್ಲ, ಒಂದು ಎಳೆತಕ್ಕೆ ಕಡ್ದು ಹೋಗ್ತದೆ. ಫೈಬರು ಫೈಬರನ್ನು ಕಡಿಯುದು ಅಂತ ನಮ್ಮವ್ರು ನಗ್ತಾರೆ, 19ನೇ ತಾರೀಕಿಗೆ ನನಗೆ ನಗು ಬರುದಿಲ್ಲ.

ಕಡ್ದದ್ದೇ ಮೋಡೆಮ್‌ನಲ್ಲಿ ಎಲ್‌ಓಎಸ್ ಅಂತ ಕೆಂಪು ಲೈಟ್ ಮಿಣಮಿಣ. ಅಣ್ಣನಿಗೆ ಫೋನ್. ಅವ್ರು ಕೇಳುವ ಮೊದಲ ಪ್ರಶ್ನೆ, "ಅಕ್ಕ, ಕೆಂಪು ಉಂಟಾ ಹಸಿರು ಉಂಟಾ?" ಕೆಂಪು ಅಂದ್ರೆ ನಮ್ಮ ವೈರು ಕಡ್ದದ್ದು, ಹಸಿರಿದ್ದೂ ನೆಟ್ ಇಲ್ಲಾಂದ್ರೆ "ಮೇಲಿಂದಲೇ ಇಲ್ಲ ಅಕ್ಕ". ಈ ಮೇಲೆ ಅನ್ನುವ ಜಾಗ ಎಲ್ಲಿ ಉಂಟು ಅಂತ ನಾನು ತುಂಬ ಸಮಯ ತಲೆಕೆಡಿಸಿಕೊಂಡಿದ್ದೆ. ಕೊನೆಗೆ ಒಂದು ಸಲ ಅವ್ರನ್ನೇ ಚಾ ಕುಡಿಯುವಾಗ ಕೂರಿಸಿ ಕೇಳಿದೆ. ಪೇಟೆಯ ಹತ್ರ ಒಂದು ಅಂಗಡಿಯ ಅಟ್ಟದಲ್ಲಿ ಓಎಲ್‌ಟಿ ಅಂತ ಒಂದು ಡಬ್ಬ ಉಂಟು, ಅದರ ಒಂದೊಂದು ಪೋರ್ಟಿಂದ ಹೊರಡುವ ಒಂದೇ ಎಳೆ ಫೈಬರನ್ನು ದಾರಿಯಲ್ಲಿ ಸ್ಪ್ಲಿಟರ್ ಹಾಕಿ ಹಾಕಿ 32 ಅಥವಾ 64 ಮನೆಗೆ ಹಂಚುದು. ಜಿಪಾನ್ ಅಂತ ಅದರ ಹೆಸರು, ಒಂದು ಪೋರ್ಟಿಗೆ 2.5 ಜಿಬಿಪಿಎಸ್ ಬರ್ತದೆ, ಅದನ್ನು ಎಲ್ಲ ಮನೆಯವ್ರೂ ಹಂಚಿಕೊಳ್ಳುದು. ಸ್ಪ್ಲಿಟರಿಗೆ ಕರೆಂಟ್ ಬೇಡ, ಅದು ಬರೇ ಗಾಜು. ಆದ್ರೆ ಅಟ್ಟದ ಡಬ್ಬಕ್ಕೆ ಬೇಕು. ಸಿಡಿಲಿಗೆ ಪೇಟೆಯಲ್ಲಿ ಕರೆಂಟ್ ಹೋಗಿ ಆ ಡಬ್ಬದ ಬ್ಯಾಟರಿ ಕೂಡ ಖಾಲಿ ಆದ್ರೆ, ನನ್ನ ಮನೆಯಲ್ಲಿ ಸೋಲಾರು ಇನ್ವರ್ಟರು ಎಲ್ಲ ಇದ್ದೂ ಪ್ರಯೋಜನ ಇಲ್ಲ. ಮೋಡೆಮ್ ಚಂದ ಉರೀತಾ ಇರ್ತದೆ, ಅಷ್ಟೇ.

ಸರಿ, ಒಂದು ಕೈ ಕೊಡ್ತದೆ ಅಂತ ಎರಡನೇ ಕಂಪೆನಿಯ ಲೈನ್ ಕೂಡ ತಗೊಂಡೆವು. ಇಲ್ಲಿಗೇ ನಾನು ಬರ್ಬೇಕು ಅಂತ ಇದ್ದದ್ದು. ಹೆಸರು ಬೇರೆ, ಬಿಲ್ ಬೇರೆ, ಆ್ಯಪ್ ಬೇರೆ, ಮೋಡೆಮಿನ ಬಣ್ಣ ಕೂಡ ಬೇರೆ. ಒಂದು ಹೋದ್ರೆ ಇನ್ನೊಂದು ಇರ್ತದೆ ಅಂತ ನೆಮ್ಮದಿಯಲ್ಲಿದ್ವಿ. ಆಟಿಯ ಮಳೆಗೆ ರಸ್ತೆ ಬದಿಯ ದೂಪದ ಮರ ಬಿದ್ದು ಎರಡು ಕಂಬ ಮುರೀತು ನೋಡಿ, ಎರಡು ಮೋಡೆಮಿನಲ್ಲೂ ಒಟ್ಟಿಗೇ ಕೆಂಪು. ಮತ್ತೆ ವಿಚಾರಿಸಿದ್ರೆ ಎರಡು ಕಂಪೆನಿಯ ವೈರೂ ಅದೇ ಕಂಬದ ಮೇಲೆ, ಸ್ವಲ್ಪ ದೂರ ಒಂದೇ ಕೇಬಲಿನ ಒಳಗೆ ಬೇರೆ ಬೇರೆ ಎಳೆ, ಎರಡನ್ನೂ ನಮ್ಮ ಮನೆಗೆ ತಂದು ಕೊಡುವ ಅಣ್ಣ ಕೂಡ ಒಬ್ಬರೇ! ಅವ್ರು ಇಬ್ಬರಿಗೂ ಫ್ರಾಂಚೈಸಿ. ಅವ್ರು ಇದನ್ನು ಮುಚ್ಚಿಟ್ಟದ್ದೂ ಅಲ್ಲ, ಯಾರೂ ಕೇಳ್ಲಿಲ್ಲ, ಹೇಳ್ಲಿಲ್ಲ. ಒಂದರ ಕಂಪ್ಲೇಂಟನ್ನು ಇನ್ನೊಂದರ ನಂಬರಿಗೆ ಕೊಟ್ಟು "ಇವ್ರು ಸರಿ ಇಲ್ಲ, ನಿಮ್ಮದಕ್ಕೇ ಪೂರ್ತಿ ಬರ್ತೇವೆ" ಅಂತ ಹೆದರಿಸುವ ಹಾಗೂ ಇಲ್ಲ, ಯಾಕಂದ್ರೆ ಫೋನ್ ಎತ್ತುವುದು ಅದೇ ಸ್ವರ. ಒಂದೇ ಬಾವಿಗೆ ಎರಡು ರಾಟೆ ಹಾಕಿದ ಹಾಗೆ ಆಯ್ತು ನಮ್ಮ ಕಥೆ.

ಇದು ಬರೇ ನಮ್ಮ ಹೊಂಡದ ಸಮಸ್ಯೆ ಅಲ್ಲ ಅಂತ ಅನ್ನಿಸ್ತದೆ. ಮುಳ್ಳೇರಿಯಾ ಕಡೆ ಇರುವ ಅಕ್ಕನ ಮನೆಯಲ್ಲೂ, ಬಾಯಾರಿನಲ್ಲಿರುವ ಫ್ರೆಂಡ್ ಮನೆಯಲ್ಲೂ ಹೆಚ್ಚುಕಮ್ಮಿ ಹೀಗೇ. ನಮ್ಮ ಕಡೆ ಮನೆಗಳು ಬಯಲುಸೀಮೆಯ ಊರಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿಲ್ಲ, ಅವರವರ ತೋಟದ ನಡುವೆ ಅವರವರ ಮನೆ, ಒಂದು ಮನೆಯಿಂದ ಇನ್ನೊಂದಕ್ಕೆ ಕೂ ಹಾಕಿದ್ರೂ ಕೇಳುದಿಲ್ಲ. ನಾಲ್ಕು ಮನೆಗೆ ಒಂದು ಕಿಲೋಮೀಟರ್ ವೈರ್ ಎಳೆಯುವ ಖರ್ಚನ್ನು ಒಬ್ಬ ಮಾಡಿಯಾದ ಮೇಲೆ, ಅದೇ ನಾಲ್ಕು ಮನೆಗೆ ಇನ್ನೊಬ್ಬ ಯಾಕೆ ಮಾಡ್ತಾನೆ? ನಾನು ಲೆಕ್ಕದ ಕೆಲಸ ಮಾಡುವವಳು, ನನಗೆ ಆ ಲೆಕ್ಕ ಅರ್ಥ ಆಗ್ತದೆ. ಅರ್ಥ ಆಗದ್ದು ಎಂತದು ಅಂದ್ರೆ, ಮೊದಲು ವೈರ್ ತಂದವ ಮನೆಯವ್ರ ಮೇಲೆ ಶಾಶ್ವತ ಹಕ್ಕು ಪಡೀಬೇಕು ಅಂತ ಯಾಕೆ. ಮೊಬೈಲಿನಲ್ಲಿ ನಂಬರ್ ಇಟ್ಟುಕೊಂಡೇ ಕಂಪೆನಿ ಬಿಡ್ಲಿಕ್ಕೆ 2011ರ ಜನವರಿಯಿಂದ ಆಗ್ತದೆ, 2015ರ ಜುಲೈಯಿಂದ ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯಕ್ಕೂ ತಗೊಂಡು ಹೋಗ್ಬಹುದು. ಮನೆಯ ವೈರಿಗೆ ಅಂಥದ್ದು ಇಲ್ಲ. ಮನೆಗೆ ಬಂದ ತಂತಿಯನ್ನು ಬೇರೆ ಕಂಪೆನಿಗಳಿಗೂ ಬಾಡಿಗೆಗೆ ಕೊಡ್ಬೇಕು ಅನ್ನುವ ಮಾತು 2004ರಲ್ಲಿ ಟ್ರಾಯ್, ಅಂದ್ರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ, ಶಿಫಾರಸಿನಲ್ಲಿ ಬಂದಿತ್ತು, ಅದೇ ವರ್ಷದ ಬ್ರಾಡ್‌ಬ್ಯಾಂಡ್ ಪಾಲಿಸಿಯಲ್ಲಿ ಅದನ್ನು ಕಡ್ಡಾಯ ಮಾಡ್ಲಿಲ್ಲ, ಕಂಪೆನಿಗಳು ತಮ್ಮೊಳಗೆ ಮಾತಾಡಿಕೊಂಡ್ರೆ ಸರಿ ಅಂತ ಬಿಟ್ರು. ಮಾತಾಡಿಕೊಳ್ತಾರಾ ಎಲ್ಲಿಯಾದ್ರೂ!

ಈಗ ಗಡಿಯ ವಿಷಯ, ಇದನ್ನು ಬೆಂಗಳೂರಿನವ್ರಿಗೆ ಹೇಳಿದ್ರೆ ನಂಬುದಿಲ್ಲ. ನಮ್ಮ ತೋಟದ ಕೆಳಗೆ ತೋಡು ಹರೀತದೆ, ಅದರ ಆಚೆ ಕರ್ನಾಟಕ. ಆಚೆ ಬದಿಯ ಗುಡ್ಡೆಯಲ್ಲಿ ನಮ್ಮವ್ರ ಚಿಕ್ಕಮ್ಮನ ಮನೆ, ಬಂಟ್ವಾಳ ತಾಲೂಕು, ಅವ್ರ ಪಿನ್‌ಕೋಡ್ 574ರಲ್ಲಿ ಶುರು, ನಮ್ಮದು 671ರಲ್ಲಿ. ಅವ್ರ ಮನೆ ರಸ್ತೆ ಬದಿ, ವಿಟ್ಲದ ಕಡೆಯಿಂದ ಬರುವ ಲೈನುಗಳು, ಅವ್ರಿಗೆ ಆರಿಸ್ಲಿಕ್ಕೆ ಉಂಟು. ನಮ್ಮ ಜಗಲಿಯಿಂದ ಅವ್ರ ಮನೆಯ ಹಂಚು ಕಾಣ್ತದೆ. ಅಲ್ಲಿಂದ ಒಂದು ವೈರ್ ಎಳೆದು ಕೊಡಿ ಅಂತ ಆ ಕಡೆಯ ಆಪರೇಟರ್ ಹತ್ರ ಕೇಳಿದ್ವಿ. ಆಗುದಿಲ್ಲಂತೆ. ಇಂಟರ್ನೆಟ್ ಲೈಸೆನ್ಸಿನಲ್ಲಿ ಮೂರು ತರಗತಿ ಉಂಟು, ಎ ಅಂದ್ರೆ ಇಡೀ ದೇಶಕ್ಕೆ, ಬಿ ಅಂದ್ರೆ ಒಂದು ಟೆಲಿಕಾಂ ಸರ್ಕಲ್ಲಿಗೆ, ಸಿ ಅಂದ್ರೆ ಅದಕ್ಕಿಂತ ಸಣ್ಣ, ಹೆಚ್ಚುಕಮ್ಮಿ ಒಂದು ಜಿಲ್ಲೆಯಷ್ಟಿರುವ ಎಸ್‌ಎಸ್‌ಎ ಅನ್ನುವ ಏರಿಯಾಕ್ಕೆ. ಆಚೆ ಬದಿ ಕರ್ನಾಟಕ ಸರ್ಕಲ್, ಈಚೆ ಕೇರಳ ಸರ್ಕಲ್. ಇಡೀ ದೇಶದ ಲೈಸೆನ್ಸ್ ಇದ್ದವನಿಗೂ ಅಲ್ಲಿಯ ಕಂಬ ಮೆಸ್ಕಾಂನದ್ದು, ಇಲ್ಲಿಯದ್ದು ಕೆಎಸ್‌ಇಬಿಯದ್ದು, ಪರ್ಮಿಶನ್ ಬೇರೆ ಬಾಡಿಗೆ ಬೇರೆ, ಒಂದು ಮನೆಗಾಗಿ ಯಾರು ಆ ಫೈಲ್ ಹಿಡ್ಕೊಂಡು ತಿರುಗ್ತಾರೆ.

ತಮಾಷೆ ಎಂತದು ಗೊತ್ತುಂಟಾ, ಮೊಬೈಲ್ ಸಿಗ್ನಲಿಗೆ ಈ ಗಡಿ ಗೊತ್ತೇ ಇಲ್ಲ. ಮಲಗುವ ಕೋಣೆಯಲ್ಲಿ ಕರ್ನಾಟಕದ ಟವರ್ ಹಿಡೀತದೆ, ಅಡಿಗೆ ಕೋಣೆಗೆ ಬಂದ್ರೆ ಕೇರಳ. ಮೊದಲೆಲ್ಲ ಹಾಸಿಗೆಯಲ್ಲೇ ಬಿದ್ದುಕೊಂಡು ರೋಮಿಂಗ್ ಚಾರ್ಜ್ ಕೊಟ್ಟವ್ರು ನಾವು, ಕರ್ನಾಟಕಕ್ಕೆ ಸ್ವಾಗತ ಅಂತ ಮೆಸೇಜು ಬೇರೆ ಬರ್ತಿತ್ತು, ಅತ್ತೆ ಅದನ್ನು ಓದಿ "1956ರಲ್ಲಿ ಆಗ್ಬೇಕಿದ್ದದ್ದು ಈಗ ಆಯ್ತಾ" ಅಂತ ಕೇಳಿದ್ರು.

ಮೊಬೈಲ್ ಡೇಟಾದಲ್ಲೇ ಕೆಲಸ ಮಾಡಿ ಅನ್ನುವವ್ರಿಗೆ, ಮಾಡ್ತೇನೆ, ಮಾಡದೆ ಎಂತ. ಆದ್ರೆ ಎರಡು ಟವರಿನ ನಡುವೆ ಉಯ್ಯಾಲೆ ಆಡುವ ಸಿಗ್ನಲಿನಲ್ಲಿ ಪೋರ್ಟಲ್ ಲಾಗಿನ್ ನಿಲ್ಲುದಿಲ್ಲ, ಓಟಿಪಿ ಬರುವಾಗ ಸೆಷನ್ ಮುಗಿದಿರ್ತದೆ. ವೈರೇ ಬೇಡ, 5ಜಿಯಲ್ಲಿ ಮನೆಗೆ ಇಂಟರ್ನೆಟ್ ಅಂತ ದೊಡ್ಡ ಕಂಪೆನಿಗಳು 2023ರಲ್ಲಿ ಶುರುಮಾಡಿದ್ರಲ್ಲ, ಅದಕ್ಕೆ ಮಾಡಿನ ಮೇಲೆ ಇಡುವ ಡಬ್ಬಕ್ಕೆ ಒಳ್ಳೆ 5ಜಿ ಸಿಗ್ಬೇಕು, ಹೊಂಡಕ್ಕೆ 4ಜಿಯೇ ಇಣುಕಿ ನೋಡಿ ಹೋಗುದು. ಸ್ಯಾಟಲೈಟ್ ಅಂತಾರೆ, ಸ್ಟಾರ್‌ಲಿಂಕಿಗೆ 2025ರ ಜೂನಿನಲ್ಲಿ ನಮ್ಮ ದೇಶದ ಲೈಸೆನ್ಸ್ ಸಿಕ್ಕಿದ್ದು ಹೌದು, ಅದಕ್ಕೆ ಆಕಾಶ ಬಿಡುವಾಗಿ ಕಾಣ್ಬೇಕು, ನಮ್ಮ ಅಂಗಳದಿಂದ ಮೇಲೆ ನೋಡಿದ್ರೆ ಅಡಿಕೆ ತೆಂಗು ಹಲಸು ಬಿಟ್ಟು ಉಳಿದ ಆಕಾಶ ಒಂದು ಕಂಬಳಿಯಷ್ಟು.

ಕಸ್ಟಮರ್ ಕೇರಿನ ಬಗ್ಗೆ ಹೆಚ್ಚು ಬರೆಯುದಿಲ್ಲ, ಎಲ್ಲರಿಗೂ ಗೊತ್ತಿರುದೇ. ನಮಗೆ ಒಂದು ಎಕ್ಸ್‌ಟ್ರಾ ಉಂಟು, ಕೇರಳ ಸರ್ಕಲ್ ಅಂದ ಮೇಲೆ ಒತ್ತಬೇಕಾದ ನಂಬರುಗಳು ಮಲಯಾಳ, ಇಂಗ್ಲಿಷ್, ಹಿಂದಿ. ನನಗೆ ಮಲಯಾಳ ಬರ್ತದೆ, ತೊಂದ್ರೆ ಇಲ್ಲ. ಅತ್ತೆಗೆ ಮನೆಯಲ್ಲಿ ಹವ್ಯಕ, ಕೆಲಸದವ್ರ ಹತ್ರ ತುಳು, ಪೇಟೆಯಲ್ಲಿ ಕನ್ನಡ, ಮಲಯಾಳ ಬಸ್ಸಿನ ಬೋರ್ಡ್ ಓದುವಷ್ಟು. ಕಂಪೆನಿಯವ್ರು ವಾಪಸ್ ಫೋನ್ ಮಾಡಿದಾಗ ಅವ್ರು ಎತ್ತಿದ್ರೆ ಕಂಪ್ಲೇಂಟ್ ಕ್ಲೋಸ್. ಸರ್ಕಾರಿ ಆಫೀಸಾದ್ರೆ ನಮ್ಮ ಜಿಲ್ಲೆಯಲ್ಲಿ ಕನ್ನಡ ಫಾರಂ ಕೊಡಿ ಅಂತ ಜಗಳ ಮಾಡ್ಬಹುದು, ಮಾಡ್ತಲೂ ಬಂದಿದ್ದೇವೆ, ಪ್ರೈವೇಟ್ ಕಾಲ್‌ಸೆಂಟರ್ ಹತ್ರ ಯಾವ ಭಾಷಾ ಅಲ್ಪಸಂಖ್ಯಾತ ಹಕ್ಕು ಕೇಳುದು.

ನಿಯಮ ಇಲ್ಲ ಅಂತಲೂ ಅಲ್ಲ ಮಾರಾಯ್ರೆ. ಟ್ರಾಯ್ 2006ರಲ್ಲಿ ಮಾಡಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮದಲ್ಲೇ ಮೂರು ದಿನಕ್ಕಿಂತ ಹೆಚ್ಚು ಲೈನ್ ಹಾಳಾಗಿ ಬಿದ್ದಿದ್ರೆ ಏಳು ದಿನದ ಬಾಡಿಗೆ ಬಿಡ್ಬೇಕು ಅಂತ ಬರೆದಿತ್ತು. ನಾನು ಇದನ್ನು ನಮ್ಮ ಅಣ್ಣನಿಗೆ ಓದಿ ಹೇಳಿದೆ. ಅವ್ರು ಪಾಪ ಶ್ರದ್ಧೆಯಲ್ಲಿ ಕೇಳಿದ್ರು, ಕೇಳಿ "ಅದು ಕಂಪೆನಿಗೆ ಅಲ್ವಾ ಅಕ್ಕ" ಅಂದ್ರು. ಕಂಪೆನಿಗೆ ಹೇಳಿದ್ರೆ ಅದು ಲೋಕಲ್ ಆಪರೇಟರಿಗೆ ಸಂಬಂಧಿಸಿದ್ದಂತೆ. ಬೇರೆ ಕಡೆ ಹೋಗ್ಲಿಕ್ಕೆ ದಾರಿ ಇದ್ದವ್ರು ನಿಯಮ ಓದಿ ಹೇಳ್ಬೇಕಂತಲೇ ಇಲ್ಲ, ಬಿಡ್ತೇನೆ ಅಂದ್ರೆ ಕೆಲಸ ಆಗ್ತದೆ. ದಾರಿ ಇಲ್ಲದವ್ರ ಕೈಯಲ್ಲಿ ನಿಯಮ ಬರೇ ಪೇಪರು.

ಕೆಫೋನ್ ಬರ್ತದಲ್ಲ ಅಂತ ಕೇಳುವವ್ರು ಉಂಟು. ಅದು ಕೇರಳ ಸರ್ಕಾರದ್ದೇ ಇಂಟರ್ನೆಟ್ ಯೋಜನೆ, 2023ರ ಜೂನ್ 5ಕ್ಕೆ ಉದ್ಘಾಟನೆ ಆದದ್ದು, 20 ಲಕ್ಷ ಬಡ ಕುಟುಂಬಕ್ಕೆ ಫ್ರೀ ಮತ್ತು ಸುಮಾರು 30,000 ಸರ್ಕಾರಿ ಆಫೀಸು ಶಾಲೆ ಆಸ್ಪತ್ರೆಗಳಿಗೆ ಲೈನ್ ಅಂತ ಗುರಿ ಇಟ್ಟದ್ದು. ಉಳಿದವ್ರಿಗೆ ಶುರುವಿನಲ್ಲಿ ತಿಂಗಳಿಗೆ 299 ರೂಪಾಯಿಯ 20 ಎಂಬಿಪಿಎಸ್ ಪ್ಲಾನ್ ಇಟ್ಟಿದ್ರು. ಆ ಯೋಜನೆಯ ಯೋಚನೆ ನನಗೆ ನಿಜಕ್ಕೂ ಇಷ್ಟ, ಕೆಎಸ್‌ಇಬಿಯ ಟವರ್ ಕಂಬಗಳ ಮೇಲೆ ಸರ್ಕಾರವೇ ಫೈಬರ್ ಎಳೆದು, ಅದನ್ನು ಬೇರೆ ಕಂಪೆನಿಗಳಿಗೂ ಬಾಡಿಗೆಗೆ ಕೊಡುದು. ರಸ್ತೆ ಪಂಚಾಯತಿನದ್ದು, ಬಸ್ಸು ಯಾರದ್ದೂ ಆಗ್ಬಹುದು. ಆದ್ರೆ ಮೈನ್ ಲೈನಿಂದ ಮನೆಯ ತನಕ ಎಳೆಯುವ ಕೆಲಸಕ್ಕೆ ಅವ್ರೂ ಲೋಕಲ್ ಕೇಬಲ್ ಆಪರೇಟರುಗಳನ್ನೇ ಸೇರಿಸಿಕೊಂಡಿದ್ದಾರೆ, ಬೇರೆ ಯಾರು ಬರ್ತಾರೆ ಈ ಗುಡ್ಡೆಗೆ. ಅಂದ್ರೆ ಮೂರನೇ ಮೋಡೆಮ್ ಬಂದ್ರೂ ಕೊನೆಯ ಒಂದು ಕಿಲೋಮೀಟರ್ ಅದೇ ಕಂಬ, ಅದೇ ದೂಪದ ಸಾಲು, ಅದೇ ಭಟ್ರ ತೋಟ, ಅದೇ ಅಣ್ಣ. ನನಗೆ ಬೇಕಾದದ್ದು ಇನ್ನೊಂದು ಹೆಸರಿನ ಬಿಲ್ ಅಲ್ಲ. ತೋಟದ ದಾರಿಯ ಬದಿಯಲ್ಲಿ ನಾಲ್ಕು ಕಬ್ಬಿಣದ ಕಂಬ ನೆಟ್ಟು ಕೊಡ್ಲಿ, ಇಲ್ಲಾಂದ್ರೆ ಜಲಜೀವನದ ಪೈಪಿಗೆ ಅಗೆಯುವಾಗ ಅದೇ ಹೊಂಡದಲ್ಲಿ ಒಂದು ಖಾಲಿ ಪೈಪು ಹಾಕಿಟ್ಟಿದ್ರೂ ಸಾಕಿತ್ತು, ಯಾರ ವೈರನ್ನೂ ಆಮೇಲೆ ಅದರಲ್ಲಿ ತೂರಿಸ್ಬಹುದಿತ್ತು. ಗ್ರಾಮಸಭೆಯಲ್ಲಿ ನಮ್ಮವ್ರು ಇದನ್ನು ಹೇಳಿದಾಗ ಎಲ್ಲರೂ ಒಳ್ಳೆದು ಅಂದ್ರು, ಬರ್ಕೊಂಡ್ರು, ಆಗ ಅಗೆದು ಮುಚ್ಚಿ ಆಗಿತ್ತು.

ಈಗ ನಮ್ಮವ್ರ ತಲೆಗೆ ಬೇರೊಂದು ಹುಳ ಹೊಕ್ಕಿದೆ. ಚಿಕ್ಕಮ್ಮನ ಮನೆಯ ಮಾಡಿನಲ್ಲಿ ಒಂದು ಸಣ್ಣ ಡಿಷ್, ನಮ್ಮ ಜಗಲಿಯ ಮೇಲೊಂದು, ಎದುರೆದುರು ನೋಡುವ ಹಾಗೆ. ಆ ರೇಡಿಯೋ ಲಿಂಕಿನ 5 ಗಿಗಾಹರ್ಟ್ಸ್ ಬ್ಯಾಂಡನ್ನು ಕೇಂದ್ರ ಸರ್ಕಾರ 2018ರಲ್ಲಿ ಲೈಸೆನ್ಸ್ ಬೇಡ ಅಂತ ಬಿಟ್ಟಿದೆ, ತೋಡು ದಾಟ್ಲಿಕ್ಕೆ ಯಾರ ಕಂಬವೂ ಬೇಡ. ಆದ್ರೆ ಒಂದು ಮನೆಗೆ ತಗೊಂಡ ಕನೆಕ್ಷನನ್ನು ಇನ್ನೊಂದು ಮನೆಗೆ ಕೊಡ್ಬಾರ್ದು ಅಂತ ಆಚೆಯ ಕಂಪೆನಿಯ ಷರತ್ತಿನಲ್ಲಿ ಉಂಟು, ನಾನು ಪೂರ್ತಿ ಓದಿದ್ದೇನೆ, ಲೆಕ್ಕದವ್ರ ಬುದ್ಧಿ. ಚಿಕ್ಕಮ್ಮನ ಹೆಸರಲ್ಲೇ ಎರಡನೇ ಕನೆಕ್ಷನ್ ಹಾಕಿ, ಅವ್ರ ಹಳೇ ಅಂಗಡಿ ಕೋಣೆಯಲ್ಲಿ ನನಗೊಂದು ಮೇಜು ಹಾಕಿದ್ರೆ ಹೇಗೆ ಅಂತ ನಾನು. ಕೆಲಸಕ್ಕೆ ಅಡಿಕೆ ಮರದ ಸಂಕ ದಾಟಿ ದಿನಾ ಹೊರರಾಜ್ಯಕ್ಕೆ ಹೋಗುದಾ ಅಂತ ಮಾವ ನಗ್ತಾರೆ. ಚಿಕ್ಕಮ್ಮ ಮಾತ್ರ ಕೋಣೆ ಗುಡಿಸಿಟ್ಟಿದ್ದಾರೆ, ಮಧ್ಯಾಹ್ನದ ಊಟ ಅಲ್ಲೇ ಅಂತಲೂ ಹೇಳಿದ್ದಾರೆ. ಮಳೆ ಇಳಿದ ಮೇಲೆ ನೋಡ್ಬೇಕು, ಈಗ ತೋಡಿನಲ್ಲಿ ನೀರು ಜೋರುಂಟು. ಈ ತಿಂಗಳಿನ 20ಕ್ಕೆ ಹಾಟ್‌ಸ್ಪಾಟಿಗೆ ರೀಚಾರ್ಜ್ ಮಾಡಿ ಇಟ್ಟಿದ್ದೇನೆ, ಅಡಿಕೆ ವ್ಯಾಪಾರಿಗಳು ಬಿಲ್ಲುಗಳನ್ನು ಒಂದು ಎರಡು ದಿನ ಮೊದಲೇ ಕಳಿಸಿದ್ರೆ ಉಪಕಾರ.